ಸ್ತ್ರೀಯರ ಆಟವನ್ನು ನೋಡುವವರಾರು?

ಕಳೆದ ತಿಂಗಳು ನಮ್ಮ ಜಗಲಿಯಲ್ಲಿ ಒಂದು ವಾಗ್ವಾದವು ನಡೆಯಿತು. ವಾಚಕ ಮಹಾಶಯರು ಅದನ್ನು ಕೇಳಬೇಕು. ನೆರೆಮನೆಯ ರಾಯರು, "ಹೆಂಗಸರ ಆಟಕ್ಕೆ ನೋಟಕರಿಲ್ಲ ಸ್ವಾಮಿ. ಅದರಲ್ಲಿ ವೇಗವಿಲ್ಲ, ಬಲವಿಲ್ಲ. ಜನರ ರುಚಿಯನ್ನು ಯಾರು ತಾನೆ ತಿದ್ದಬಲ್ಲರು?" ಎಂದರು. ಒಳಗಿನಿಂದ ನಮ್ಮ ಮೊಮ್ಮಗಳು, "ತಾತ, ಸುಮ್ಮನಿದ್ದೀರಾ?" ಎಂದು ಕೂಗಿದಳು. ಸುಮ್ಮನಿರಲಾಗಲಿಲ್ಲ.

ನಾವು ಕಲಿತ ವಿದ್ಯೆಯು ಸಂಸ್ಕೃತವಾದುದರಿಂದ ಮೊದಲು ದಂಡಿಯೇ ನೆನಪಿಗೆ ಬಂದನು. ಅವನ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಕುಮಾರಿಯು ತಿಂಗಳಿಗೊಮ್ಮೆ, ಕೃತ್ತಿಕಾ ನಕ್ಷತ್ರದ ದಿನ, ದೇವಿಯ ಪ್ರೀತ್ಯರ್ಥವಾಗಿ ಸಮಸ್ತ ಜನರ ಎದುರಿನಲ್ಲಿ ಚೆಂಡಾಡುವಳು. ರಾಯರು ನಕ್ಕು, "ಅಲ್ಲಿ ಜನರು ನೋಡಿದ್ದು ಚೆಂಡನ್ನೋ, ಕನ್ಯೆಯನ್ನೋ?" ಎಂದರು. ಆ ಕಥೆಯ ನಾಯಕನ ಮಟ್ಟಿಗೆ ಈ ಆಕ್ಷೇಪವು ಯುಕ್ತವೇ ಎಂದು ಒಪ್ಪಿಕೊಂಡೆವು.

ಆದುದರಿಂದ ಕಾವ್ಯವನ್ನು ಬಿಟ್ಟು ಚರಿತ್ರೆಯನ್ನು ಹಿಡಿದೆವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ನಗರದ ಡಿಕ್, ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡುಗಳನ್ನು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ಕಾಲ್ಚೆಂಡಿನ ತಂಡವೊಂದನ್ನು ಕಟ್ಟಿದರು. 1917ನೆಯ ಕ್ರಿಸ್ಮಸ್ಸಿನ ದಿನ ಗಾಯಗೊಂಡ ಸೈನಿಕರ ಸಹಾಯಾರ್ಥವಾಗಿ ಆಡಿದಾಗ ಸುಮಾರು 10,000 ಜನ ಬಂದರು. 1920ನೆಯ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇರಿದವರು ಸುಮಾರು 53,000! ಒಳಗೆ ಎಡೆಯಿಲ್ಲದೆ ಹಿಂದಿರುಗಿದವರು ಇನ್ನೂ ಅನೇಕ ಸಹಸ್ರ. ನೋಟಕರಿಲ್ಲವೆಂಬ ಮಾತು ಅಲ್ಲಿ ಎಲ್ಲಿತ್ತು?

ಇದಾದ ಮರು ವರ್ಷವೇ, 1921ನೆಯ ಡಿಸೆಂಬರ್ 5ರಂದು, ಆ ದೇಶದ ಕಾಲ್ಚೆಂಡಿನ ಆಡಳಿತ ಮಂಡಲಿಯವರು ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದೂ, ಕೂಡಿದ ಹಣವು ಧರ್ಮಕಾರ್ಯಕ್ಕೆ ಸಾಕಷ್ಟು ಸಲ್ಲುತ್ತಿಲ್ಲವೆಂದೂ ಹೇಳಿ, ತಮ್ಮ ಅಧೀನದ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿದರು. ಆ ನಿಷೇಧವು ಸುಮಾರು ಅರ್ಧ ಶತಮಾನ ನಿಂತಿತು. ಐವತ್ತು ವರ್ಷ ಬಾಗಿಲಿಗೆ ಬೀಗವಿಕ್ಕಿ, ಬಳಿಕ "ಒಳಗೆ ಯಾರೂ ಬರುವುದಿಲ್ಲವಲ್ಲ" ಎಂದು ಕೇಳುವುದು ಯಾವ ತರ್ಕಶಾಸ್ತ್ರ?

ವೇಗ, ಬಲಗಳ ಮಾತು ಬೇರೆ. ಪುರುಷರ ಚೆಂಡು ಹೆಚ್ಚು ವೇಗವಾಗಿ ಬರುವುದು ಸತ್ಯ. ಆದರೆ ಕುಸ್ತಿಯಲ್ಲಿ ಹಗುರ ಮೈಯ ಜೋಡಿ ಕಣಕ್ಕಿಳಿದರೆ ನಾವು ಎದ್ದು ಮನೆಗೆ ಹೋಗುವೆವೇನು? ಸಮಬಲದವರು ಎದುರಾದಾಗ ಪಟ್ಟು ಯಾರದೆಂಬ ಕುತೂಹಲವೇ ನಮ್ಮನ್ನು ಕೂರಿಸುವುದು. ರಾಯರು ಇದಕ್ಕೆ ಉತ್ತರ ಹೇಳದೆ ನಶ್ಯದ ಡಬ್ಬಿಯನ್ನು ತೆಗೆದರು.

ನಮ್ಮ ಬೆಂಗಳೂರಿನ ಕಥೆಯೂ ಇದೆ. ಭಾರತದ ವನಿತೆಯರ ಮೊಟ್ಟಮೊದಲ ಟೆಸ್ಟ್ ಕ್ರಿಕೆಟ್ ಪಂದ್ಯವು 1976ರಲ್ಲಿ ಇಲ್ಲಿಯೇ ನಡೆಯಿತು. ನಾಯಕಿ ಈ ಊರಿನವರೇ ಆದ ಶಾಂತಾ ರಂಗಸ್ವಾಮಿಯವರು. ಈ ಊರಿನ ಹೆಸರು ಹೊತ್ತ ರಾಯಲ್ ಚಾಲೆಂಜರ್ಸ್ ಪುರುಷರ ತಂಡವು 2008ರಿಂದ ಕಾದು ಲೀಗಿನ ಪಟ್ಟವನ್ನು ಪಡೆದುದು 2025ರಲ್ಲಿ. ಅದೇ ಹೆಸರಿನ ವನಿತೆಯರ ತಂಡವು 2024ರ ಮಾರ್ಚಿಯಲ್ಲಿಯೇ ತಮ್ಮ ಲೀಗನ್ನು ಗೆದ್ದಿತ್ತು. ಆ ರಾತ್ರಿ ನಿದ್ದೆಗೆಟ್ಟು ದೂರದರ್ಶನದ ಮುಂದೆ ಕುಳಿತವರಲ್ಲಿ ರಾಯರೂ ಒಬ್ಬರೆಂಬುದನ್ನು ಅವರ ಮನೆಯವರೇ ನಮಗೆ ತಿಳಿಸಿರುವರು.

ಗೆದ್ದೆವೆಂದು ಬೀಗುತ್ತಿರುವಾಗ ಮೊಮ್ಮಗಳು ಹೊರಗೆ ಬಂದು, "ತಾತ, ನಿಮ್ಮ ಶಾಲೆಯಲ್ಲಿ ಮೈದಾನ ಯಾರಿಗಿತ್ತು?" ಎಂದು ಕೇಳಿದಳು. ಒಂದು ವರ್ಷ ನಾಲ್ಕು ಮಂದಿ ಹುಡುಗಿಯರು ಶನಿವಾರದ ದಿನ ಮೈದಾನ ಬೇಕೆಂದು ನಮ್ಮಲ್ಲಿಗೆ ಬಂದಿದ್ದರು. ಹುಡುಗರ ಪಂದ್ಯವಿದೆಯೆಂದು ಹೇಳಿ, ಅವರ ಕೈಗೆ ಎರಡು ಹಗ್ಗಗಳನ್ನು ಕೊಟ್ಟು ಹಿಂದಿನ ಅಂಗಳಕ್ಕೆ ಕಳುಹಿಸಿದ್ದೆವು. ಅವರು ಮತ್ತೆ ಕೇಳಲು ಬರಲಿಲ್ಲ. ಸಂಧ್ಯಾವಂದನೆಗೆ ಹೊತ್ತಾಯಿತೆಂದು ನೆಪ ಹೇಳಿ ಎದ್ದೆವು. ಸೂರ್ಯಾಸ್ತಕ್ಕೆ ಇನ್ನೂ ಒಂದು ಗಂಟೆ ಇದ್ದಿತು.