ವೃದ್ಧ ರೈತನಿಗೆ ನಿಯತ ನೆರವು: ದಾನವೋ, ಭದ್ರತೆಯೋ?

2025ರ ಆಗಸ್ಟ್ 2ರಂದು ವಾರಾಣಸಿಯಲ್ಲಿ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಇಪ್ಪತ್ತನೆಯ ಕಂತು ಬಿಡುಗಡೆಯಾಯಿತು. ಅದೇ ತಿಂಗಳ ಕೊನೆಯ ಭಾಗದಲ್ಲಿ ಬೀದರ್ ಜಿಲ್ಲೆಯ ಆಕಾಶವೂ ತನ್ನ ಪಾಲನ್ನು ಬಿಡುಗಡೆ ಮಾಡಿತು. ಭಾಲ್ಕಿ ಮತ್ತು ಔರಾದ್ ತಾಲೂಕುಗಳಲ್ಲಿ ಕಟಾವಿಗೆ ಬಂದಿದ್ದ ಉದ್ದು, ಹೆಸರು ಹೊಲದಲ್ಲಿಯೇ ನೆನೆದವು. ಸೋಯಾ ಅವರೆಯ ಸಾಲುಗಳ ನಡುವೆ ನೀರು ನಿಂತಿತು. ಖಾತೆಗೆ ಬಂದ ಎರಡು ಸಾವಿರ ರೂಪಾಯಿ ಒಂದು ಕಡೆ, ಹೊಲದಲ್ಲಿ ಕೊಳೆಯುತ್ತಿದ್ದ ವರ್ಷದ ದುಡಿಮೆ ಇನ್ನೊಂದು ಕಡೆ. ಇವೆರಡನ್ನೂ ಒಟ್ಟಿಗೆ ಕಂಡವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಇಷ್ಟು ಸಣ್ಣ ಮೊತ್ತದಿಂದ ಎಪ್ಪತ್ತು ದಾಟಿದ ರೈತನೊಬ್ಬನಿಗೆ ಯಾವ ಭದ್ರತೆ ದೊರೆತೀತು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಕೊಡುವ ಮುನ್ನ ಲೆಕ್ಕವನ್ನು ಸರಿಯಾಗಿ ಇಡಬೇಕು. ನಮ್ಮ ಚರ್ಚೆಗಳಲ್ಲಿ ಯೋಜನೆಗಳ ಹೆಸರುಗಳು ಬಹಳ ಕೇಳಿಬರುತ್ತವೆ, ಲೆಕ್ಕ ಮಾತ್ರ ಕೇಳಿಬರುವುದಿಲ್ಲ.

ಔರಾದ್ ತಾಲೂಕಿನಲ್ಲಿ ಮೂರು ಎಕರೆ ಒಣಭೂಮಿಯುಳ್ಳ, ಅರುವತ್ತೈದು ದಾಟಿದ ಒಬ್ಬ ರೈತನನ್ನೂ ಅವನ ಪತ್ನಿಯನ್ನೂ ಕಲ್ಪಿಸಿಕೊಳ್ಳೋಣ. 2007ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನು 2021ರ ಜುಲೈ ತಿಂಗಳಿನಲ್ಲಿ 1000 ರೂಪಾಯಿಯಿಂದ 1200ಕ್ಕೆ ಏರಿಸಲಾಯಿತು. ಅಂದರೆ ವರ್ಷಕ್ಕೆ 14,400 ರೂಪಾಯಿ. 2019ರ ಫೆಬ್ರವರಿಯಲ್ಲಿ ಮೊದಲ ಕಂತು ಕಂಡ ಕಿಸಾನ್ ಸಮ್ಮಾನ್ ನಿಧಿಯಿಂದ ಮೂರು ಕಂತುಗಳಲ್ಲಿ 6000 ರೂಪಾಯಿ. ಪತ್ನಿಯು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯಾಗಿದ್ದರೆ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿಯಿಂದ ತಿಂಗಳಿಗೆ 2000ದಂತೆ 24,000. ಮೂರೂ ಸೇರಿದರೆ ವರ್ಷಕ್ಕೆ 44,400, ತಿಂಗಳಿಗೆ 3700 ರೂಪಾಯಿ. ಪಟ್ಟಣದಲ್ಲಿ ವಾಸಿಸುವ ನಮಗೆ ಇದು ಅಲ್ಪವೆನಿಸಬಹುದು. ಮಳೆಯನ್ನೇ ನಂಬಿದ ಮೂರು ಎಕರೆಯಿಂದ ಕೆಟ್ಟ ವರ್ಷದಲ್ಲಿ ಏನೂ ಉಳಿಯುವುದಿಲ್ಲವೆಂಬುದನ್ನು ಬಲ್ಲವರಿಗೆ ಹಾಗೆನಿಸದು.

ಹಣದ ಮೊತ್ತಕ್ಕಿಂತಲೂ ಅದು ಬರುವ ಕ್ರಮವೇ ಇಲ್ಲಿ ಮುಖ್ಯವೆಂಬುದು ನನ್ನ ಅಭಿಪ್ರಾಯ. ಸೋಯಾ ಅವರೆಯನ್ನು ರಾಶಿ ಮಾಡಿದ ಮರುದಿನವೇ ಅಡತಿ ಅಂಗಡಿಗೆ ಸಾಗಿಸುವವನು ಯಾರು? ಮನೆಯಲ್ಲಿ ಉಪ್ಪು, ಎಣ್ಣೆ, ಔಷಧಿಗೆ ಕಾಸಿಲ್ಲದವನು. 2024ರ ಹಂಗಾಮಿನಲ್ಲಿ ಸೋಯಾ ಅವರೆಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4892 ರೂಪಾಯಿ. ಮಾರುಕಟ್ಟೆಯ ದರವು ಅದಕ್ಕಿಂತ ಕೆಳಗೇ ಉಳಿಯಿತು. ಖರೀದಿ ಕೇಂದ್ರ ತೆರೆದು, ಹೆಸರು ನೋಂದಾಯಿಸಿ, ತೂಕವಾಗುವವರೆಗೆ ಕಾಯಬಲ್ಲವನಿಗೆ ಬೆಂಬಲ ಬೆಲೆ. ಕಾಯಲಾರದವನಿಗೆ ಸಿಕ್ಕಿದ ಬೆಲೆ. ತಿಂಗಳಿಗೆ 1200 ರೂಪಾಯಿ ಬರುವುದೆಂಬ ಭರವಸೆಯು ಈ ಕಾಯುವ ಶಕ್ತಿಯನ್ನು ಕೊಡುತ್ತದೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕವೂ ಹಾಗೆಯೇ. ತಿಂಗಳಿಗೊಮ್ಮೆ ತೀರಿಸಬಲ್ಲವನಿಗೆ ಅಂಗಡಿಯವನು ಉದ್ರಿ ಕೊಡುತ್ತಾನೆ. ಸುಗ್ಗಿಯಲ್ಲಿ ತೀರಿಸುತ್ತೇನೆನ್ನುವವನು ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತದೆ.

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಸಂತ ತೋಮಸ್ ಅಕ್ವಿನಾಸರ ವಿವೇಕ ವಿಚಾರವನ್ನು ಓದಿದ್ದೆ. ದೂರದೃಷ್ಟಿಯು ವಿವೇಕದ ಒಂದು ಅಂಗವೆಂದೂ, ಸದ್ಗುಣದ ಬಾಳಿಗೆ ಶರೀರದ ಅಗತ್ಯಗಳಲ್ಲಿ ಒಂದಿಷ್ಟು ಸಾಕೆಂಬಷ್ಟು ಇರಬೇಕೆಂದೂ ಅವರು ವಾದಿಸುತ್ತಾರೆ. ಅಂದು ಇವೆರಡನ್ನೂ ಬೇರೆ ಬೇರೆ ಪಾಠಗಳೆಂದು ಬರೆದುಕೊಂಡಿದ್ದೆ. ಹಳ್ಳಿಗಳನ್ನು ಕಂಡ ಮೇಲೆ ಅವು ಒಂದೇ ಎಂದು ತಿಳಿಯಿತು. ಬಡವನಿಗೆ ಮುಂದಾಲೋಚನೆಯಿಲ್ಲವೆಂದು ನಾವು ಸುಲಭವಾಗಿ ದೂರುತ್ತೇವೆ. ಮುಂದಾಲೋಚಿಸಲು ಮುಂದಿನ ತಿಂಗಳೊಂದು ನಿಶ್ಚಿತವಾಗಿರಬೇಕಲ್ಲವೇ?

ಈ ಮಾತಿಗೆ ದೂರದ ದೇಶಗಳಿಂದಲೂ ಆಧಾರವಿದೆ. ಆಫ್ರಿಕದ ಕೆನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆಯು ಕೆಲವು ಹಳ್ಳಿಗಳ ವಯಸ್ಕರಿಗೆ ಹನ್ನೆರಡು ವರ್ಷಗಳ ಕಾಲ ತಿಂಗಳಿಗೆ ಸುಮಾರು 22 ಡಾಲರ್ ಕೊಡುವುದಾಗಿ ಮಾತು ಕೊಟ್ಟಿತು. ಇನ್ನು ಕೆಲವು ಹಳ್ಳಿಗಳಿಗೆ ಅಷ್ಟೇ ಹಣವನ್ನು ಎರಡೇ ವರ್ಷಗಳ ಮಟ್ಟಿಗೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 2023ರಲ್ಲಿ ಹೊರತಂದ ಫಲಿತಾಂಶದಂತೆ, ಅಲ್ಲಿಯವರೆಗೆ ಎರಡೂ ಕಡೆ ಕೈಗೆ ಬಂದ ಹಣ ಸಮವಾಗಿದ್ದರೂ, ದೀರ್ಘಕಾಲದ ಮಾತು ಪಡೆದವರೇ ಹೆಚ್ಚು ಉದ್ಯಮಗಳನ್ನು ಕಟ್ಟಿದರು. ನಮ್ಮ ಕಡೆಯ ಭಿಶಿ ಅಥವಾ ಚೀಟಿಯಂತಹ ಗುಂಪುಗಳನ್ನು ಸೇರಿ ಸಣ್ಣ ಹಣವನ್ನು ದೊಡ್ಡ ಗಂಟಾಗಿಸಿಕೊಂಡರು. ನಮ್ಮ ದೇಶದಲ್ಲಿಯೇ 2011 ಮತ್ತು 2012ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಸೇವಾ ಸಂಘಟನೆಯು ಯುನಿಸೆಫ್ ನೆರವಿನಿಂದ ನಡೆಸಿದ ಪ್ರಯೋಗದಲ್ಲಿ, ಕೂಲಿಗೆ ಹೋಗುತ್ತಿದ್ದ ಸಣ್ಣ ರೈತರು ತಮ್ಮ ಹೊಲದ ಕೆಲಸಕ್ಕೇ ಹೆಚ್ಚಾಗಿ ಮರಳಿದುದು ಕಂಡುಬಂತು. ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಂಬ ಮಾತನ್ನು ಊಟದ ಮೇಜಿನ ಬಳಿ ಕುಳಿತು ಆಡುವವರು ಇದನ್ನು ಗಮನಿಸಬೇಕು.

ಹಾಗಾದರೆ ನಮ್ಮ ಯೋಜನೆಗಳು ಈ ನಿಶ್ಚಿತತೆಯನ್ನು ಕೊಡುತ್ತಿವೆಯೇ? ಇಲ್ಲಿಯೇ ನನ್ನ ಅಸಮಾಧಾನ. ಕಿಸಾನ್ ಸಮ್ಮಾನ್ ನಿಧಿಯ ವರ್ಷದ ಮೊದಲ ಕಂತು ಏಪ್ರಿಲ್‌ನಿಂದ ಜುಲೈವರೆಗಿನ ಅವಧಿಗೆ ಸೇರಿದ್ದು. ಅದು 2022ರಲ್ಲಿ ಮೇ 31ರಂದು ಬಂತು, 2023ರಲ್ಲಿ ಜುಲೈ 27ರಂದು, 2024ರಲ್ಲಿ ಜೂನ್ 18ರಂದು, 2025ರಲ್ಲಿ ಆಗಸ್ಟ್ 2ರಂದು. ಬೀದರ್ ಸೀಮೆಯಲ್ಲಿ ಮುಂಗಾರು ಬಿತ್ತನೆ ನಡೆಯುವುದು ಜೂನ್ ಮತ್ತು ಜುಲೈ ಮೊದಲ ಭಾಗದಲ್ಲಿ. 1350 ರೂಪಾಯಿಯ ಒಂದು ಚೀಲ ಡಿಎಪಿ, 266 ರೂಪಾಯಿ 50 ಪೈಸೆಯ ಒಂದು ಚೀಲ ಯೂರಿಯಾ ಕೊಂಡರೆ ಎರಡು ಸಾವಿರದಲ್ಲಿ 383 ರೂಪಾಯಿ 50 ಪೈಸೆ ಉಳಿಯುತ್ತದೆ. ಮೇ 31ಕ್ಕೆ ಬಂದ ಕಂತು ಗೊಬ್ಬರವಾಗುತ್ತದೆ. ಆಗಸ್ಟ್ 2ಕ್ಕೆ ಬಂದ ಕಂತು, ಗೊಬ್ಬರಕ್ಕೆಂದು ಮಾಡಿದ ಸಾಲದ ಬಡ್ಡಿಯಾಗುತ್ತದೆ. ಹಣ ಅಷ್ಟೇ, ಸರ್ಕಾರದ ಖರ್ಚೂ ಅಷ್ಟೇ. ಮುಹೂರ್ತ ಮತ್ತು ವೇದಿಕೆಗಾಗಿ ಕಾಯುವ ಅಭ್ಯಾಸವನ್ನು ಬಿಟ್ಟು, ಪ್ರತಿವರ್ಷ ಮೇ ತಿಂಗಳಿನಲ್ಲಿ ಒಂದೇ ದಿನಾಂಕಕ್ಕೆ ಕೊಟ್ಟರೆ ಈ ಯೋಜನೆಯ ಬೆಲೆಯು ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲದೆ ಏರುತ್ತದೆ. ರಾಜ್ಯವೂ ಹಿಂದೆ ಬಿದ್ದಿಲ್ಲ. ಗೃಹಲಕ್ಷ್ಮಿಯ 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ಹಣದ ಪ್ರಶ್ನೆ ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದವರೆಗೂ ಹೋಯಿತು.

ಬೀದರ್ ಗಡಿ ಜಿಲ್ಲೆಯಾದುದರಿಂದ ಇಲ್ಲಿಯ ರೈತನಿಗೆ ಹೋಲಿಕೆಯು ಬೇಲಿಯಾಚೆಯೇ ಸಿಗುತ್ತದೆ. ಔರಾದ್‌ನಿಂದ ಪೂರ್ವಕ್ಕೆ ತೆಲಂಗಾಣ. ಅಲ್ಲಿ 2018ರ ಮೇ 10ರಂದು ಆರಂಭವಾದ ರೈತು ಬಂಧು ಯೋಜನೆ 2025ರ ಜನವರಿಯಲ್ಲಿ ರೈತು ಭರೋಸಾ ಆಗಿ, ಎಕರೆಗೆ ವರ್ಷಕ್ಕೆ 12,000 ರೂಪಾಯಿಯೆಂದು ಘೋಷಿತವಾಯಿತು. ವೃದ್ಧರ ಆಸರಾ ಪಿಂಚಣಿಯು 2019ರಿಂದ ತಿಂಗಳಿಗೆ 2016 ರೂಪಾಯಿ. ಪಶ್ಚಿಮಕ್ಕೆ, ಭಾಲ್ಕಿಯ ಕಡೆಯಿಂದ ದಾಟಿದರೆ ಮಹಾರಾಷ್ಟ್ರ. ಅಲ್ಲಿಯ ಸರ್ಕಾರ 2023ರಲ್ಲಿ ಕೇಂದ್ರದ ಆರು ಸಾವಿರಕ್ಕೆ ತನ್ನ ಆರು ಸಾವಿರವನ್ನು ಸೇರಿಸಿತು. ನಮ್ಮಲ್ಲಿ 2019ರಲ್ಲಿ ರಾಜ್ಯವು ಸೇರಿಸಿದ್ದ ನಾಲ್ಕು ಸಾವಿರ 2023ರ ನಂತರ ನಿಂತುಹೋಯಿತು. ಹಾಗೆಂದು ನೆರೆಯವರದೆಲ್ಲ ಹಸಿರೆಂದು ಭಾವಿಸಬೇಕಾಗಿಲ್ಲ. ತೆಲಂಗಾಣದಲ್ಲಿ 2024ರ ಮುಂಗಾರಿಗೆ ಹಣವೇ ಬರಲಿಲ್ಲ. ಎಕರೆ ಲೆಕ್ಕದಲ್ಲಿ ಕೊಡುವ ನೆರವು ಹೆಚ್ಚು ಭೂಮಿಯುಳ್ಳವನಿಗೇ ಹೆಚ್ಚು ಸಿಗುತ್ತದೆಂಬ ದೋಷವೂ ಅದಕ್ಕಿದೆ.

ಭೂಮಿಯ ಮಾತು ಬಂದುದರಿಂದ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಕಿಸಾನ್ ಸಮ್ಮಾನ್ ಹಣ ಉಳುವವನಿಗಲ್ಲ, ಪಹಣಿಯಲ್ಲಿ ಹೆಸರಿರುವವನಿಗೆ. 2019ರ ಫೆಬ್ರವರಿ 1ರಂದು ಯಾರ ಹೆಸರಿನಲ್ಲಿ ಭೂಮಿಯಿತ್ತೋ ಅವರಿಗೆ. ಆನಂತರ ವಾರಸುದಾರಿಕೆಯಿಂದ ಬಂದವರಿಗೆ ಮಾತ್ರ ವಿನಾಯಿತಿ. ಪಾಲಿಗೆ ಮಾಡುವವನೂ, ಇಡೀ ಜೀವನ ಪರರ ಹೊಲದಲ್ಲಿ ದುಡಿದು ಮುದಿಯಾದ ಕೂಲಿಕಾರನೂ ಈ ಲೆಕ್ಕದಲ್ಲಿ ರೈತರೇ ಅಲ್ಲ. ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದುಕೊಂಡಿರುವ ಮನೆಗಳೂ ಕಡಿಮೆಯಲ್ಲ. ಆದರೆ ಇದೇ ನಿಯಮದಿಂದ ಒಂದು ಅನಿರೀಕ್ಷಿತ ಫಲವೂ ದೊರೆತಿದೆ. ಮಕ್ಕಳಿಗೆ ಭೂಮಿಯನ್ನೆಲ್ಲ ಬರೆದುಕೊಟ್ಟು ಅಂಗಳದ ಮೂಲೆ ಸೇರುತ್ತಿದ್ದ ತಂದೆ, ಒಂದು ತುಂಡನ್ನಾದರೂ ತನ್ನ ಹೆಸರಿನಲ್ಲಿ ಉಳಿಸಿಕೊಳ್ಳಲು ಈಗ ಒಂದು ಕಾರಣ ಸಿಕ್ಕಿದೆ. ಸ್ವಂತ ಖಾತೆಗೆ ಹಣ ಬರುವ ಮುದುಕನನ್ನು ಸೊಸೆಯು ಊಟಕ್ಕೆ ಕರೆಯುವ ಧ್ವನಿಯೇ ಬೇರೆ! ಇದು ತಮಾಷೆಗೆ ಹೇಳಿದ್ದಲ್ಲ. ದಕ್ಷಿಣ ಆಫ್ರಿಕದ ವೃದ್ಧಾಪ್ಯ ವೇತನವನ್ನು ಕುರಿತು ಎಸ್ತರ್ ಡುಫ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಜ್ಜಿಯ ಕೈಗೆ ಬಂದ ಹಣದಿಂದ ಮೊಮ್ಮಗಳ ಮೈತೂಕ ಸುಧಾರಿಸಿದುದು ಕಂಡುಬಂತು. ಅಜ್ಜನ ಕೈಗೆ ಬಂದ ಹಣದಿಂದ ಹಾಗಾಗಲಿಲ್ಲ. ಅಜ್ಜಂದಿರು ಬೇಸರಿಸಬಾರದು.

ಸಂಧ್ಯಾ ಸುರಕ್ಷಾ ಯೋಜನೆಯ ಒಂದು ನಿಯಮವಂತೂ ನನಗೆ ಇಂದಿಗೂ ಅರ್ಥವಾಗಿಲ್ಲ. 2007ರಲ್ಲಿ ಅದನ್ನು ರೂಪಿಸಿದಾಗ, ದಂಪತಿಗಳ ಠೇವಣಿಯ ಒಟ್ಟು ಮೊತ್ತ ಹತ್ತು ಸಾವಿರ ರೂಪಾಯಿಯನ್ನು ಮೀರಬಾರದೆಂಬ ಷರತ್ತು ಹಾಕಲಾಯಿತು. ಅತ್ಯಂತ ಬಡವರಿಗೇ ಹಣ ತಲುಪಲಿ ಎಂಬ ಉದ್ದೇಶವನ್ನು ಅಲ್ಲಗಳೆಯಲಾಗದು. ಆದರೆ ಇದರ ತರ್ಕವನ್ನು ಕೊನೆಯವರೆಗೆ ಒಯ್ಯಿರಿ. ತಿಂಗಳಿಗೆ ಐನೂರು ಉಳಿಸಿದ ಮುದುಕ ಇಪ್ಪತ್ತು ತಿಂಗಳಲ್ಲಿ ಹತ್ತು ಸಾವಿರವನ್ನು ಮುಟ್ಟುತ್ತಾನೆ. ಆಮೇಲೆ ಉಳಿಸಿದ ಪ್ರತಿಯೊಂದು ರೂಪಾಯಿಯೂ ಅವನ ಅರ್ಹತೆಗೆ ಕುತ್ತು. ಭದ್ರತೆಗಾಗಿ ಕೊಡುವ ಹಣದಿಂದ ಭದ್ರತೆಯನ್ನು ಕಟ್ಟಿಕೊಳ್ಳಬಾರದೆಂದು ಹೇಳಿದಂತಾಯಿತು. ಹಾಗಾಗಿಯೇ ಉಳಿತಾಯವು ಬ್ಯಾಂಕಿನಲ್ಲಿ ನಿಲ್ಲದೆ ಎರಡು ಆಡಾಗುತ್ತದೆ, ಮಗಳ ಕಿವಿಯ ಓಲೆಯಾಗುತ್ತದೆ, ಇಲ್ಲವೇ ಪತ್ನಿಯ ಸ್ವಸಹಾಯ ಗುಂಪಿಗೆ ಸೇರುತ್ತದೆ. ಸ್ವಸಹಾಯ ಗುಂಪುಗಳ ಕಾರ್ಯದಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹೆಸರು ಗಳಿಸಿದ ಜಿಲ್ಲೆ ಇದು. ಆ ದಾರಿ ಇಲ್ಲಿಯವರಿಗೆ ಹೊಸದಲ್ಲ.

ಕೇಂದ್ರದ ಪಾಲಿನ ಕಥೆ ಇನ್ನೂ ಸಣ್ಣದು. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾದಾಗ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ. ಎಂಬತ್ತಕ್ಕಿಂತ ಕಿರಿಯರಿಗೆ 2007ರ ಹೊತ್ತಿಗೆ 200 ಆದದ್ದು 2025ರಲ್ಲಿಯೂ 200 ಆಗಿಯೇ ಇತ್ತು. 2019ರ ಕಿಸಾನ್ ಮಾನ್‌ಧನ್ ಯೋಜನೆ ಅರುವತ್ತರ ನಂತರ ತಿಂಗಳಿಗೆ 3000 ಕೊಡುವುದೇನೋ ನಿಜ. ಆದರೆ ಅದಕ್ಕೆ ಸೇರಲು ವಯಸ್ಸು ನಲವತ್ತು ಮೀರಿರಬಾರದು. ಇಂದಿನ ಮುದುಕನಿಗೆ ಅದರಿಂದ ಪ್ರಯೋಜನವಿಲ್ಲ. ಬ್ರೆಜಿಲ್ ದೇಶವು 1988ರ ತನ್ನ ಸಂವಿಧಾನದ ಬಲದಿಂದ ಹಳ್ಳಿಯ ದುಡಿಯುವ ವೃದ್ಧರಿಗೆ ಕನಿಷ್ಠ ವೇತನದಷ್ಟೇ ಪಿಂಚಣಿ ನೀಡಲು ಮುಂದಾದುದನ್ನು ನೆನೆದರೆ, ನಾವು ಎಷ್ಟು ಹಿಂದಿದ್ದೇವೆಂದು ತಿಳಿಯುತ್ತದೆ.

ಹಣ ಬಿಡುಗಡೆಯಾದ ಮಾತ್ರಕ್ಕೆ ಕೈ ಸೇರಿದಂತಲ್ಲ. ಹಿಂದೆ ಅಂಚೆಯವನು ಮನಿಆರ್ಡರ್ ತರುತ್ತಿದ್ದ. ಅವನು ಹತ್ತಿಪ್ಪತ್ತು ರೂಪಾಯಿ ಉಳಿಸಿಕೊಂಡರೂ ಮನೆ ಬಾಗಿಲಿಗೆ ಬರುತ್ತಿದ್ದ. ಈಗ ಮುದುಕನೇ ಹಣವಿದ್ದಲ್ಲಿಗೆ ಹೋಗಬೇಕು. ಒಮ್ಮೆ ಒಬ್ಬ ಹಿರಿಯರೊಡನೆ ನಾನೇ ಒಂದು ಶಾಖೆಗೆ ಹೋಗಿದ್ದೆ. ಕುಂಟೆ ಹಿಡಿದು ಸವೆದ ಅವರ ಬೆರಳನ್ನು ಯಂತ್ರವು ಏಳು ಬಾರಿ ಗುರುತಿಸಲಿಲ್ಲ. ಎಂಟನೆಯ ಬಾರಿಗೆ ವಿದ್ಯುತ್ ಹೋಯಿತು. ಹಿಂದಿರುಗುವಾಗ ಅವರು ನನಗೇ ಸಮಾಧಾನ ಹೇಳಿದರು. ಆ ದಿನದ ಬಸ್ಸಿನ ಖರ್ಚು, ಮಧ್ಯಾಹ್ನದ ಚಹಾ, ತಪ್ಪಿದ ಕೆಲಸ ಇವು ಯಾವ ಸರ್ಕಾರದ ಲೆಕ್ಕದಲ್ಲಿಯೂ ಇಲ್ಲ.

ಇನ್ನು ನಮ್ಮ ಪಾಲು. ನಮ್ಮ ಧರ್ಮಕೇಂದ್ರಗಳಲ್ಲಿ ಕ್ರಿಸ್ಮಸ್ ಬಂದಾಗ ಕಂಬಳಿ ಹಂಚುತ್ತೇವೆ, ಛಾಯಾಚಿತ್ರವೂ ಪ್ರಕಟವಾಗುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಮರು ಸ್ಥಾಪಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ವರ್ಷಕ್ಕೊಮ್ಮೆ ಹಂಚುವುದಕ್ಕಿಂತ ಬಡವರ ಮನೆಗೆ ತಪ್ಪದೆ ಹೋಗಿಬರುವುದನ್ನೇ ತಮ್ಮ ಕಾರ್ಯದ ಮೂಲವನ್ನಾಗಿ ಮಾಡಿಕೊಂಡರು. ಹಳೆಯ ಒಡಂಬಡಿಕೆಯ ಕಾನೂನು ಕೂಡ ಹೊಲದ ಅಂಚಿನ ತೆನೆಗಳನ್ನು ಬಡವನಿಗೆ ಬಿಡಬೇಕೆಂದುದು ಯಜಮಾನನ ಉದಾರತೆಯನ್ನು ನಂಬಿ ಅಲ್ಲ. ಪ್ರತಿ ಸುಗ್ಗಿಯಲ್ಲಿಯೂ ಅದು ಅವನ ಪಾಲೆಂದು.

ಕಂತು ನಿಂತುಹೋದ ಹಿರಿಯರು ನಿಮ್ಮ ಕುಟುಂಬದಲ್ಲಿಯೋ ನೆರೆಯಲ್ಲಿಯೋ ಇದ್ದರೆ ಮೊದಲು ನೋಡಬೇಕಾದವು ಮೂರು: ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ, ಇ-ಕೆವೈಸಿ ಆಗಿದೆಯೇ, ಪಹಣಿಯಲ್ಲಿ ಯಾರ ಹೆಸರಿದೆ. ಬೆರಳಚ್ಚು ಹತ್ತದವರಿಗಾಗಿ 2023ರ ಜೂನ್ ತಿಂಗಳಿನಿಂದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಮುಖವನ್ನು ತೋರಿಸಿ ದೃಢೀಕರಿಸುವ ಅವಕಾಶ ಬಂದಿದೆ. ಕಾಲೇಜಿಗೆ ಹೋಗುವ ಮಕ್ಕಳ ಮೊಬೈಲಿನಲ್ಲಿಯೇ ಅದನ್ನು ಮಾಡಬಹುದು. ಮಕ್ಕಳೇ ಹಣ ಕಿತ್ತುಕೊಂಡು ನೋಡಿಕೊಳ್ಳದಿದ್ದರೆ, ಪಾಲಕರ ಪೋಷಣೆಯ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ವಕೀಲರು ಬೇಕಾಗಿಲ್ಲ. ಔರಾದ್ ಮತ್ತು ಭಾಲ್ಕಿ ಕಡೆಯವರು ಪಾಸ್‌ಬುಕ್ ಮತ್ತು ಪಹಣಿಯ ಪ್ರತಿಯೊಂದಿಗೆ ಭಾನುವಾರ ಬಲಿಪೂಜೆಯ ನಂತರ ಬಂದರೆ, ನಮ್ಮ ಯುವಕರು ಕುಳಿತು ನೋಡಿಕೊಡುತ್ತಾರೆ. ಯಾವ ಜಾತಿ, ಯಾವ ಧರ್ಮವೆಂದು ಅಲ್ಲಿ ಯಾರೂ ಕೇಳುವುದಿಲ್ಲ.