ಆ ಎರಡು ವರ್ಷಗಳ ಲೆಕ್ಕ

ಆಶ್‌ಬರ್ನ್ ಮತ್ತು ಅದರ ಆಸುಪಾಸಿನ ಕನ್ನಡ ಮನೆಗಳಿಗೆ ಪ್ರತಿ ವಸಂತದಲ್ಲೂ ಎರಡು ಬಗೆಯ ಪ್ರವೇಶಪತ್ರಗಳು ಬರುತ್ತವೆ. ಹೈಸ್ಕೂಲು ಮುಗಿಸುತ್ತಿರುವ ಮಕ್ಕಳ ಪತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಅಭಿನಂದನೆಗಳ ನಡುವೆ ಮೆರೆಯುತ್ತವೆ. ಸ್ಟರ್ಲಿಂಗ್‌ನಲ್ಲಿರುವ ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನ ಲೌಡನ್ ಕ್ಯಾಂಪಸ್ಸಿನಲ್ಲಿ ಎರಡು ವರ್ಷ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರಲು ಹೊರಟ ಮಕ್ಕಳ ಪತ್ರಗಳ ಸುದ್ದಿ ಮಾತ್ರ ಮನೆಯ ಹೊಸ್ತಿಲು ದಾಟುವುದಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಯಾರಾದರೂ ‘ಮಗಳು ಎಲ್ಲಿ ಓದುತ್ತಿದ್ದಾಳೆ?’ ಎಂದು ಕೇಳಿದರೆ, ತಾಯ್ತಂದೆಯರು ಮಾತು ಮರೆಸುತ್ತಾರೆ.

ಈ ಮಕ್ಕಳ ಮುಂದೆ ಹಲವು ಸಲ ಎರಡು ಹೆಸರುಗಳಿರುತ್ತವೆ: ಷಾರ್ಲಟ್ಸ್‌ವಿಲ್‌ನ ವರ್ಜೀನಿಯಾ ವಿಶ್ವವಿದ್ಯಾಲಯ ಮತ್ತು ಫೇರ್‌ಫ್ಯಾಕ್ಸ್‌ನ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ. ಮೊದಲನೆಯದು 1819ರಲ್ಲಿ ಜೆಫರ್ಸನ್ ಸ್ಥಾಪಿಸಿದ್ದು, ಮನೆಯಿಂದ ಸುಮಾರು ಎರಡು ಗಂಟೆಯ ದಾರಿ. ಎರಡನೆಯದು ಮನೆಯಿಂದಲೇ ಹೋಗಿಬರುವಷ್ಟು ಹತ್ತಿರ. (2022ರಲ್ಲಿ ಆಶ್‌ಬರ್ನ್‌ಗೆ ಮೆಟ್ರೊ ಬಂದಿತಾದರೂ ಅದು ಆ ಕ್ಯಾಂಪಸ್ಸಿನ ಬಾಗಿಲಿಗೆ ಒಯ್ಯುವುದಿಲ್ಲ, ಕಾರು ಬೇಕೇ ಬೇಕು.) ಈ ಆಯ್ಕೆಯ ಚರ್ಚೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ದೊಡ್ಡ ಹೆಸರು ಸಿಕ್ಕಿತೇ, ಅಲ್ಲಿಗೆ; ಕಮ್ಯುನಿಟಿ ಕಾಲೇಜಿನ ಎರಡು ವರ್ಷಗಳು ಜಾತಕದೊಳಗಿನ ದೋಷವೆಂಬಂತೆ ಆ ಹೆಸರಿನಡಿ ಮುಚ್ಚಿಹೋಗಲಿ.

ಹೊರದೇಶದಲ್ಲಿ ಡಾಕ್ಟರೇಟ್ ಪಡೆದ ನಮ್ಮಂಥವರು ವಿಶ್ವವಿದ್ಯಾಲಯದ ಹೆಸರು ಮುಖ್ಯವಲ್ಲವೆಂದರೆ ಕೇಳುವವರಿಗೆ ನಗು ಬಂದೀತು. ಹೆಸರಿನ ಲಾಭವನ್ನು ನಾವು ಉಂಡವರೇ. ಆದರೆ ಅರ್ಧ ದಾರಿಯಲ್ಲಿ ಸಂಸ್ಥೆ ಬದಲಿಸುವ ವಿದ್ಯಾರ್ಥಿಯ ಕಷ್ಟ ಬೇರೆ. ಆಕೆ ಈಗಾಗಲೇ ಸುಮಾರು 60 ಕ್ರೆಡಿಟ್ ಗಳಿಸಿದ್ದಾಳೆ. ಪದವಿಗೆ ಬೇಕಿರುವುದು 120. ಹೊಸ ವಿಶ್ವವಿದ್ಯಾಲಯ ಆ ಅರವತ್ತನ್ನೂ ಸ್ವೀಕರಿಸಿದ್ದೇವೆ ಎಂದು ಪತ್ರ ಕೊಟ್ಟರೂ ಅದರೊಳಗೊಂದು ಸೂಕ್ಷ್ಮವಿದೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿ ಓದಿದ ಗಣಿತದ ಒಂದು ಕೋರ್ಸನ್ನು ಆ ಪದವಿಯ ಕಡ್ಡಾಯ ಕೋರ್ಸಿಗೆ ಸಮವೆಂದು ಒಪ್ಪದೆ, ಬರೀ ಐಚ್ಛಿಕ ವಿಷಯವೆಂದು ದಾಖಲಿಸಿಕೊಳ್ಳಬಹುದು. ಕ್ರೆಡಿಟ್ ಉಳಿಯಿತು, ಕೋರ್ಸು ಹೋಯಿತು. ಅದನ್ನು ಮತ್ತೆ ಓದದೆ ಮುಂದಿನ ಕೋರ್ಸಿಲ್ಲ, ಮುಂದಿನದಿಲ್ಲದೆ ಅದರ ಮುಂದಿನದಿಲ್ಲ. ಎರಡು ವರ್ಷದ ಓದು ಮೂರಕ್ಕೆ ಜಗ್ಗುತ್ತದೆ. ಆ ಮೂರನೆಯ ವರ್ಷದ ಶುಲ್ಕ, ಬಾಡಿಗೆ ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2004ರಿಂದ 2009ರ ನಡುವೆ ಸಂಸ್ಥೆ ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ಟುಗಳನ್ನು ಕಳೆದುಕೊಂಡಿದ್ದರು. ಈ ನಷ್ಟಕ್ಕೆ ತಡೆಯಾಗಿ ವರ್ಜೀನಿಯಾದಲ್ಲಿ ಎರಡು ವ್ಯವಸ್ಥೆಗಳಿವೆ. ಒಂದು, ಇಂತಿಷ್ಟು ಅಂಕಗಳೊಡನೆ ಕಮ್ಯುನಿಟಿ ಕಾಲೇಜು ಮುಗಿಸಿದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ನೀಡುವ ಖಾತರಿ ಪ್ರವೇಶದ ಒಪ್ಪಂದಗಳು. ಷಾರ್ಲಟ್ಸ್‌ವಿಲ್ ಕೂಡ ಇದರಲ್ಲಿದೆ. ಇನ್ನೊಂದು, 2018ರಲ್ಲಿ ಜಾರ್ಜ್ ಮೇಸನ್ ಮತ್ತು ನಾರ್ದರ್ನ್ ವರ್ಜೀನಿಯಾ ಕಾಲೇಜು ಕೂಡಿ ಆರಂಭಿಸಿದ ‘ಅಡ್ವಾನ್ಸ್’ ಯೋಜನೆ. ಯಾವ ಕೋರ್ಸು ಯಾವುದಕ್ಕೆ ಸಲ್ಲುತ್ತದೆಂಬುದನ್ನು ಕಾಲೇಜಿನ ಆರಂಭದಲ್ಲೇ ನಕ್ಷೆ ಹಾಕಿ ಕೊಡುವ ಯೋಜನೆ ಇದು. ಖಾತರಿ ಪ್ರವೇಶವೆಂದರೆ ಬಾಗಿಲು ತೆರೆಯುವ ಖಾತರಿ; ಒಳಗೆ ಎಷ್ಟು ಕೋರ್ಸು ಉಳಿಯುತ್ತದೆಂಬುದರ ಖಾತರಿಯಲ್ಲ. ಆದ್ದರಿಂದ ಎರಡೂ ಕಡೆಯಿಂದ ಪ್ರತಿಯೊಂದು ಕೋರ್ಸಿನ ಮೌಲ್ಯಮಾಪನವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳುವವರೆಗೆ ಯಾವ ಮನೆಯೂ ತೀರ್ಮಾನಕ್ಕೆ ಬರಬಾರದು.

ಇಷ್ಟು ಸರಳವಾದ ಲೆಕ್ಕವನ್ನು ಎಂಜಿನಿಯರುಗಳೇ ತುಂಬಿರುವ ನಮ್ಮ ಸಮುದಾಯ ಏಕೆ ಮಾಡುವುದಿಲ್ಲ? ಉತ್ತರಕ್ಕೆ ಕರ್ನಾಟಕದ ಕಡೆಗೇ ನೋಡಬೇಕು. 1994ರಲ್ಲಿ ಸಿಇಟಿ ಬಂದ ಮೇಲೆ ಬೆಳೆದ ನಮ್ಮ ತಲೆಮಾರಿಗೆ, ಹದಿನೇಳನೆಯ ವಯಸ್ಸಿನ ಒಂದು ರ‍್ಯಾಂಕು, ಒಂದು ‘ಸೀಟು’ ಬದುಕಿನ ಕೊನೆಯ ತೀರ್ಪಾಗಿತ್ತು. ಎರಡನೆಯ ಬಾಗಿಲೊಂದಿತ್ತು: ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿ. ಆ ಬಾಗಿಲಿನಿಂದ ಬಂದವರಲ್ಲಿ ಹಳ್ಳಿಯವರು, ಕನ್ನಡ ಮಾಧ್ಯಮದವರು, ಮನೆಯಲ್ಲಿ ಮೊದಲು ಓದಿದವರು ಎಷ್ಟೋ ಮಂದಿ. ವರ್ಕ್‌ಶಾಪಿನಲ್ಲಿ ಅವರ ಕೈ ನಮಗಿಂತ ಚುರುಕು. ಗಣಿತಕ್ಕೆ ಮಾತ್ರ ಅವರು ಹೆಚ್ಚುವರಿ ಪತ್ರಿಕೆ ಬರೆಯಬೇಕು. ತರಗತಿಯಲ್ಲಿ ಅವರಿಗೆ ಹೆಸರೇ ಇರಲಿಲ್ಲ, ‘ಡಿಪ್ಲೊಮಾದವರು’ ಅಷ್ಟೆ. ಆ ದನಿಯಲ್ಲಿದ್ದದ್ದು ಅಂಕಗಳ ವಿಚಾರವಷ್ಟೇ ಅಲ್ಲವೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ್ದಲ್ಲ. ಅದೇ ದನಿಯನ್ನು ನಾವು ಸಾಗರ ದಾಟಿಸಿ ತಂದಿದ್ದೇವೆ; ‘ಕಮ್ಯುನಿಟಿ ಕಾಲೇಜಾ?’ ಎಂದು ಎಳೆಯುವ ಆ ‘ಆ’ಕಾರದಲ್ಲಿ ಅದು ಈಗಲೂ ಕೇಳುತ್ತದೆ.

ಈ ಎರಡನೆಯ ಬಾಗಿಲು ವರ್ಜೀನಿಯಾದಲ್ಲಿ ಹೇಗೆ ತೆರೆಯಿತೆಂಬುದನ್ನೂ ಅರಿಯಬೇಕು. 1935ರಲ್ಲಿ ಆಲಿಸ್ ಜಾಕ್ಸನ್ ಎಂಬ ಕಪ್ಪು ಯುವತಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು. ಮರುವರ್ಷ ರಾಜ್ಯ ಒಂದು ಕಾನೂನನ್ನೇ ಮಾಡಿತು: ಅಂಥ ವಿದ್ಯಾರ್ಥಿಗಳು ಹೊರರಾಜ್ಯಕ್ಕೆ ಹೋಗಿ ಓದುವುದಾದರೆ ಹೆಚ್ಚುವರಿ ಶುಲ್ಕವನ್ನೂ ಪ್ರಯಾಣದ ಖರ್ಚನ್ನೂ ಸರ್ಕಾರ ಕೊಡುತ್ತದೆ. ಒಳಗೆ ಬಿಡದಿರುವುದಕ್ಕಾಗಿ ಬೊಕ್ಕಸದಿಂದ ಹಣ! ಜಾಕ್ಸನ್ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು. 1950ರಲ್ಲಿ ಗ್ರೆಗರಿ ಸ್ವಾನ್‌ಸನ್ ಮೊಕದ್ದಮೆ ಗೆದ್ದೇ ಷಾರ್ಲಟ್ಸ್‌ವಿಲ್‌ನ ಕಾನೂನು ಶಾಲೆಯೊಳಗೆ ಕಾಲಿಡಬೇಕಾಯಿತು. ನಾವು ಮನೆ ಕೊಂಡಿರುವ ಇದೇ ಆಶ್‌ಬರ್ನ್‌ನಲ್ಲಿ ಕಪ್ಪು ಮಕ್ಕಳಿಗೆಂದು 1892ರಲ್ಲಿ ಕಟ್ಟಿದ ಒಂದೇ ಕೋಣೆಯ ಶಾಲೆ ಇದೆ. 2016ರಲ್ಲಿ ಅದರ ಗೋಡೆಗಳಿಗೆ ಜನಾಂಗದ್ವೇಷದ ಬರಹಗಳನ್ನು ಬಳಿದಿದ್ದರು.

ಜಾರ್ಜ್ ಮೇಸನ್ 1957ರಲ್ಲಿ ಬೇಲೀಸ್ ಕ್ರಾಸ್‌ರೋಡ್ಸ್ ಎಂಬಲ್ಲಿ ಷಾರ್ಲಟ್ಸ್‌ವಿಲ್‌ನ ಶಾಖೆಯಾಗಿಯೇ ಆರಂಭವಾಯಿತು, 1972ರಲ್ಲಿ ಸ್ವತಂತ್ರವಾಯಿತು. ನಾರ್ದರ್ನ್ ವರ್ಜೀನಿಯಾ ಕಾಲೇಜು ಕೂಡ 1965ರಲ್ಲಿ ಅದೇ ಬೇಲೀಸ್ ಕ್ರಾಸ್‌ರೋಡ್ಸ್‌ನಲ್ಲಿ ಬಾಗಿಲು ತೆರೆದದ್ದು. ರಾಜ್ಯದ ಕಮ್ಯುನಿಟಿ ಕಾಲೇಜು ವ್ಯವಸ್ಥೆಗೆ 1966ರಲ್ಲಿ ಕಾನೂನಿನ ರೂಪ ಕೊಟ್ಟ ಗವರ್ನರ್ ಮಿಲ್ಸ್ ಗಾಡ್ವಿನ್ ಹತ್ತು ವರ್ಷ ಹಿಂದೆ ಶಾಲೆಗಳಲ್ಲಿ ವರ್ಣಭೇದ ಅಳಿಯಬಾರದೆಂದು ಹೋರಾಡಿದವರ ಮುಂದಾಳು. ಚರಿತ್ರೆಯ ವ್ಯಂಗ್ಯ ಇಂಥದು. ಅಂಥವರ ಕೈಯಿಂದಲೂ ಒಂದು ಸಾರ್ವಜನಿಕ ಬಾಗಿಲು ತೆರೆಯಿತೆಂದರೆ, ಅದರ ಹಿಂದೆ ತೆರೆಯದೆ ವಿಧಿಯಿಲ್ಲದಂತೆ ಮಾಡಿದ ಹೋರಾಟಗಳಿದ್ದವು. ಆ ಬಾಗಿಲಿನಲ್ಲಿ ಇಂದು ನಮ್ಮ ಮಕ್ಕಳೂ ನಡೆಯುತ್ತಾರೆ.

ಅವರಲ್ಲಿ ಕೆಲವರ ಪಾಲಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಕಾಲೇಜಿನ ಎರಡು ವರ್ಷ ಮುಗಿಯುವ ಹೊತ್ತಿಗೆ ವಯಸ್ಸು ಇಪ್ಪತ್ತು. ಹೆತ್ತವರ ಎಚ್-1ಬಿ ವೀಸಾಕ್ಕೆ ಹೊಂದಿಕೊಂಡ ಎಚ್-4 ಇಪ್ಪತ್ತೊಂದು ತುಂಬಿದೊಡನೆ ಮುಗಿಯುತ್ತದೆ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸಾಲು ಅಷ್ಟರೊಳಗೆ ಕರಗುವುದಿಲ್ಲ. ಆಗ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಆ ವೀಸಾದವರಿಗೆ ರಾಜ್ಯದ ನಿವಾಸಿಗಳ ಶುಲ್ಕ ಸಾಮಾನ್ಯವಾಗಿ ಸಿಗದು, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಮೊದಲೇ ಇಲ್ಲ. ಅಂಥ ಹುಡುಗಿಗೆ ಒಂದು ವರ್ಷ ಹೆಚ್ಚಾಗುವುದೆಂದರೆ ಹೊರರಾಜ್ಯದವರ ದರದಲ್ಲಿ ಒಂದು ವರ್ಷ ಹೆಚ್ಚಾಗುವುದು. ಎರಡು ವಿಶ್ವವಿದ್ಯಾಲಯಗಳ ನಡುವೆ ಆಕೆ ಕೇಳಬೇಕಾದ ಮೊದಲ ಪ್ರಶ್ನೆ ‘ನನ್ನ ವೀಸಾ ಬದಲಾದ ಸೆಮಿಸ್ಟರಿನಲ್ಲಿ ನನ್ನ ಶುಲ್ಕವೆಷ್ಟು?’ ಎಂಬುದು. ಈ ಪ್ರಶ್ನೆಯನ್ನು ಕೇಳಲು ಆಕೆಗೆ ಹೇಳಿಕೊಡುವ ಹಿರಿಯರು ನಮ್ಮ ಸಭೆಗಳಲ್ಲೇ ಇದ್ದಾರೆ. ಆದರೆ ತಮ್ಮ ಮನೆಯ ಮಗುವಿಗೂ ಇದಾಯಿತೆಂದು ಹೇಳಿಕೊಳ್ಳಲು ಅವರಿಗೆ ಸಂಕೋಚ.

ಪ್ರಗತಿಪರ ಮಿತ್ರರು ಕೆಲವರು ಇನ್ನೊಂದು ತಕ್ಕಡಿ ಹಿಡಿಯುತ್ತಾರೆ. ಮೇಸನ್‌ನ ಕಾನೂನು ಶಾಲೆಗೆ ಬಲಪಂಥೀಯ ಸಿರಿವಂತರ ಹಣ ಹರಿದಿದೆ, ಅದಕ್ಕೆ 2016ರಲ್ಲಿ ಸ್ಕಾಲಿಯಾ ಹೆಸರಿಟ್ಟರು, ಆದ್ದರಿಂದ ಅದು ಬೇಡ ಎನ್ನುತ್ತಾರೆ. ಹಾಗಾದರೆ ಗುಲಾಮರ ದುಡಿಮೆಯಿಂದ ಎದ್ದ ಷಾರ್ಲಟ್ಸ್‌ವಿಲ್‌ನ ಗೋಡೆಗಳನ್ನು ಏನು ಮಾಡೋಣ? 2025ರ ಜೂನ್‌ನಲ್ಲಿ ಕೇಂದ್ರದ ನ್ಯಾಯ ಇಲಾಖೆಯ ಒತ್ತಡದ ನಡುವೆ ಅಲ್ಲಿನ ಅಧ್ಯಕ್ಷ ಜೇಮ್ಸ್ ರಯಾನ್ ರಾಜೀನಾಮೆ ಕೊಟ್ಟರು; ಮುಂದಿನ ತಿಂಗಳು ಮೇಸನ್‌ನ ಮೇಲೂ, ಅದರ ಮೊದಲ ಕಪ್ಪು ಅಧ್ಯಕ್ಷರಾದ ಗ್ರೆಗರಿ ವಾಷಿಂಗ್ಟನ್ ಅವಧಿಯ ವೈವಿಧ್ಯ ನೀತಿಗಳನ್ನು ಹಿಡಿದು, ತನಿಖೆಗಳು ಬಂದವು. ಶುದ್ಧವಾದ ಕ್ಯಾಂಪಸ್ಸನ್ನು ಹುಡುಕುವ ಹೊರೆಯನ್ನು ಇಪ್ಪತ್ತರ ಹುಡುಗಿಯ ಹೆಗಲಿಗೆ ಹಾಕುವುದು ಬೇಡ.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಓದಿದ ಕೋರ್ಸುಗಳು ಪೂರ್ತಿ ಸಲ್ಲುವ ಕಡೆ, ಸಾಲ ಕಡಿಮೆಯಾಗುವ ಕಡೆ ಹೋಗುವುದು ಬಹುಪಾಲು ಮಕ್ಕಳಿಗೆ ಒಳಿತು. ಆಶ್‌ಬರ್ನ್‌ನಿಂದ ಹೊರಟವರಿಗೆ ಅದು ಹಲವು ಸಲ ಮೇಸನ್ ಆಗಿರುತ್ತದೆ. ಆದರೆ ಷಾರ್ಲಟ್ಸ್‌ವಿಲ್ ಅಷ್ಟೇ ಕೋರ್ಸುಗಳನ್ನು ಒಪ್ಪಿ, ವಿದ್ಯಾರ್ಥಿ ನೆರವನ್ನೂ ಕೊಟ್ಟರೆ, ‘ಮನೆಗೆ ಹತ್ತಿರ ಇರಲಿ’ ಎಂದು ಹೆಣ್ಣುಮಕ್ಕಳನ್ನು ತಡೆಯುವ ನಮ್ಮ ಹಳೆಯ ಚಾಳಿಯನ್ನು ಅಲ್ಲಿಗೇ ಬಿಡಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳು ಮುಚ್ಚುತ್ತಿವೆಯೆಂದು ಲೇಖನ ಬರೆಯುವ, ಸಹಿ ಸಂಗ್ರಹಿಸುವ ನಾವು, ಹತ್ತಿರದ ಸ್ಟರ್ಲಿಂಗ್‌ನ ಸಾರ್ವಜನಿಕ ಕಾಲೇಜಿಗೆ ಒಮ್ಮೆಯೂ ಕಾಲಿಟ್ಟಿಲ್ಲ. ಈ ಬೇಸಿಗೆಯ ಕನ್ನಡ ಕೂಟಗಳಲ್ಲಿ ಸಾಧಕ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆಯುವಾಗ, ಎರಡು ವರ್ಷದ ಪದವಿ ಮುಗಿಸಿದವರ ಹೆಸರುಗಳನ್ನೂ ಅದೇ ಪಟ್ಟಿಯಲ್ಲಿ, ಅದೇ ದನಿಯಲ್ಲಿ ಓದಬೇಕೆಂದು ಸಂಘಗಳ ಪದಾಧಿಕಾರಿಗಳನ್ನು ಕೇಳುತ್ತೇವೆ. ಈ ದಾರಿಯಲ್ಲಿ ನಡೆದು ಬಂದವರು ತಮ್ಮ ಯಾವ ಕೋರ್ಸು ಎಲ್ಲಿ ಸಂದಿತು, ಎಲ್ಲಿ ಸಲ್ಲಲಿಲ್ಲ ಎಂಬುದನ್ನು ನಮಗೆ ಬರೆದು ಕಳಿಸಿದರೆ, ಹೆಸರಿಲ್ಲದೆ ಬೇಕಾದರೂ ಪ್ರಕಟಿಸುತ್ತೇವೆ.