ಮಾಣಿಯ ದುಡಿಮೆ, ಧಣಿಯ ನಿವೇಶನ

ಚೆನ್ನೈ ಕನ್ನಡಿಗರ ಸಭೆಗಳಲ್ಲಿ ಹೋಟೆಲ್ ಉದ್ಯಮದ ಮಾತು ಬಂದಾಗಲೆಲ್ಲ ಕೆ. ಕೃಷ್ಣರಾಯರ ಹೆಸರು ಬರುತ್ತದೆ, ಬರಬೇಕಾದುದೇ. ಹೋಟೆಲಿನಲ್ಲಿ ಕೂಲಿಗೆ ದುಡಿದ ಅವರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಆದರೆ ಈ ಕಥೆಯಿಂದ ‘ದುಡಿದವನು ಧಣಿಯಾಗುತ್ತಾನೆ’ ಎಂಬ ತೀರ್ಮಾನಕ್ಕೆ ಹಾರುವುದನ್ನು ನಾನು ಒಪ್ಪಲಾರೆ. ರಾಯರಂತೆಯೇ ಬೆಳಗಿನ ಜಾವ ಎದ್ದು, ರಾಯರಂತೆಯೇ ರುಬ್ಬಿದ ಮಾಣಿಗಳು ಘಟ್ಟದ ಕೆಳಗಿನಿಂದ ಎಷ್ಟು ಮಂದಿ ಬರಲಿಲ್ಲ! ಅವರೆಲ್ಲ ಸೋಮಾರಿಗಳಾಗಿದ್ದರೇ?

ತಿರುವಲ್ಲಿಕ್ಕೇಣಿಯ ಹೋಟೆಲೊಂದರಲ್ಲಿ 32 ವರ್ಷ ದೋಸೆ ಹುಯ್ದ, ಕುಂದಾಪುರದ ಕಡೆಯ ಹಿರಿಯರೊಬ್ಬರನ್ನು ನಾನು ಬಲ್ಲೆ. ಎರಡು ಹೊತ್ತಿನ ಊಟ, ಮಲಗಲು ಹೋಟೆಲಿನ ಅಟ್ಟ, ಊರಿಗೆ ತಿಂಗಳ ಮನಿಯಾರ್ಡರು. ಸಂಬಳವೆಂಬುದು ಅಷ್ಟಕ್ಕೇ ಸರಿಹೋಯಿತು. ಹೋಟೆಲು ಮುಚ್ಚಿದಾಗ ಅವರ ಪಾಲಿಗೆ ಬಂದುದು ಒಂದು ಟ್ರಂಕು, ಒಂದು ಬೆನ್ನುನೋವು. ಧಣಿಗಳಿಗೆ ಉಳಿದುದು ನಿವೇಶನ. ಆ ಮೂಲೆಗೆ ಬೆಲೆ ತಂದವರು ಈ ಹಿರಿಯರ ದೋಸೆಗಾಗಿ ಕಾದು ನಿಂತ ಜನ. ಇಂದು ಅಲ್ಲಿ ಒಂದು ಇಡ್ಲಿಯೂ ಬೇಯುವುದಿಲ್ಲ, ಬಾಡಿಗೆ ಮಾತ್ರ ತಪ್ಪದೆ ಬರುತ್ತದೆ. ಧಣಿಗಳು ದುಷ್ಟರೆಂದು ನಾನು ಹೇಳುತ್ತಿಲ್ಲ. ಆ ಹಿರಿಯರ ಮಗಳ ಮದುವೆಗೆ ಸೀರೆ ಕಳಿಸಿದವರು ಅವರು. ಆದರೆ ಉಡುಗೊರೆ ಬೇರೆ, ಹಕ್ಕು ಬೇರೆ.

ನೆಲವಿಲ್ಲದಿದ್ದರೆ ಧಣಿಗೂ ನೆಲೆಯಿಲ್ಲ. ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ ಊರಿಗೆಲ್ಲ ಪ್ರಿಯವಾಗಿತ್ತು. ಗುತ್ತಿಗೆಯ ನೆಲ, ಸರಕಾರಕ್ಕೆ ಬಿಟ್ಟುಕೊಟ್ಟು 2008ರಲ್ಲಿ ಬಾಗಿಲು ಹಾಕಬೇಕಾಯಿತು. 2010ರಿಂದ ಅಲ್ಲಿರುವುದು ಸೆಮ್ಮೊಳಿ ಪೂಂಗಾ ಉದ್ಯಾನ.

‘ಉಳುವವನೇ ಹೊಲದೊಡೆಯ’ ಎಂಬುದನ್ನು ನಮ್ಮ ನಾಡು 1974ರಲ್ಲಿ ಕಾನೂನಾಗಿಸಿತು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಎಷ್ಟೋ ಗೇಣಿದಾರರು ಒಡೆಯರಾದರು. ಅದೇ ಜಿಲ್ಲೆಯಿಂದ ಇಲ್ಲಿಗೆ ಬಂದ ಮಾಣಿಗೆ ರುಬ್ಬುಗಲ್ಲಿನ ಒಡೆತನವೂ ದಕ್ಕಲಿಲ್ಲ.

ಅಸಾಧ್ಯವೆನ್ನಬೇಡಿ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. 1957ರಲ್ಲಿ ಬೆಂಗಳೂರು ಅದಕ್ಕೆ ಮೊದಲಾಯಿತು. ಅವರು ಕೂಡ 2009ರಲ್ಲಿ ಎಂ.ಜಿ. ರಸ್ತೆಯ ಬಾಡಿಗೆ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಸರಿಯಬೇಕಾಯಿತು ಎಂಬುದನ್ನು ಮರೆಮಾಚಲಾರೆ. ಗಲ್ಲಾಪೆಟ್ಟಿಗೆ ಕೈಗೆ ಬಂದರೂ ನೆಲದ ಪ್ರಶ್ನೆ ಹಾಗೆಯೇ ಉಳಿದಿತ್ತು.

ಮುಂದಿನ ರಾಜ್ಯೋತ್ಸವದಲ್ಲಿ ಹೋಟೆಲ್ ಧಣಿಗಳಿಗೆ ಶಾಲು ಹೊದಿಸುವ ಮುನ್ನ ವೇದಿಕೆಯಿಂದಲೇ ಕೇಳೋಣ: ಕಟ್ಟಡದ ಬಾಡಿಗೆಯಲ್ಲಿ, ಮಾರಾಟದಲ್ಲಿ ಹಳೆಯ ಕೆಲಸಗಾರರಿಗೆಂದು ಎಷ್ಟು ಪಾಲು ಬರೆದಿಟ್ಟಿದ್ದೀರಿ? ಕೇಳಲು ಸಂಕೋಚಪಡುವವರು ನನ್ನ ಹೆಸರು ಹೇಳಿ ಕೇಳಬಹುದು.